ಬೈಸಿಕೊಳ್ಳದ ಮಗಳು

ನಮ್ಮದೊಂದು ಓದೋರ ಗುಂಪು ಐತಿ. ಹಾನಗಲ್ಲು, ಶಿಗ್ಗಾಂವಿ, ಸವಣೂರು ಹಿಂಗ ಅಕ್ಕಪಕ್ಕದ ತಾಲೂಕಿನ ಮಾಸ್ತರು, ಅಕ್ಕಾರು ಕೂಡಿ ಕಟ್ಟಿದ್ದು. ತಿಂಗಳಿಗೊಮ್ಮೆ ಯಾರದರ ಮನ್ಯಾಗ ಸೇರ್ತೇವಿ, ಒಂದು ಪುಸ್ತಕದ ಬಗ್ಗೆ ಮಾತಾಡ್ತೇವಿ, ಚಾ ಕುಡಿದು ಎದ್ದು ಬರ್ತೇವಿ. ಖರೇ ಹೇಳ್ಬೇಕಂದ್ರ ಪುಸ್ತಕಕ್ಕಿಂತ ಚೂಡಾದ ಮ್ಯಾಲ ಚರ್ಚಾ ಜಾಸ್ತಿ. ಈ ಬ್ಯಾಸಗಿ ಸೂಟಿಯೊಳಗ ಮಕ್ಕಳ ಪುಸ್ತಕ ಓದೂಣು ಅಂತ ಠರಾವು ಆತು. ಹಾನಗಲ್ಲಿನ ಕಾಲೇಜಿನ ಸರ್ ಒಬ್ರು ಒಂದು ಸಣ್ಣ ಕಾದಂಬರಿ ಆರಿಸಿ, ಅದರ ಮುಖಪುಟದ ಫೋಟೋ ಮೊಬೈಲಿನ ಗುಂಪಿಗೆ ಹಾಕಿದ್ರು. ಕೆಳಗ ಬರದಿದ್ರು: ತಂದೆ-ತಾಯಿ ವಿಚ್ಛೇದನ ಪಡೆದಾಗ ಒಂದು ಮಗು ಅದನ್ನು ಹೇಗೆ ಎದುರಿಸಿತು ಎಂಬ ಕಥೆ.

ಅದಾದ ಮ್ಯಾಲ ಗುಂಪು ಗಪ್ಪು. ಬೆಳಿಗ್ಗೆ ಎದ್ರ ಗುಲಾಬಿ ಹೂವು ಕಳಸೋರು, ಹುಣ್ಣಿಮಿ-ಅಮಾಸಿಗೆ ದೇವರ ಫೋಟೋ ಹಾಕೋರು, ಒಬ್ರೂ ಒಂದಕ್ಷರ ಬರೀಲಿಲ್ಲ. ಯಾಕಂದ್ರ ಆ ಗುಂಪಿನ್ಯಾಗ ಸೋಡಚೀಟಿ ಆದಾಕಿ ನಾ ಒಬ್ಬಾಕೀನ. ಕೋರ್ಟಿನ ಕಾಗದದಾಗ ಅದಕ್ಕ ವಿಚ್ಛೇದನ ಅಂತಾರ, ಮಂದಿ ಬಾಯಾಗ ಅದು ಇನ್ನೂ ಸೋಡಚೀಟೀನ. ಸಂಜಿಮುಂದ ಹಾನಗಲ್ಲಿನಿಂದ ರಿಟೈರ್ ಆದ ದೊಡ್ಡಕ್ಕಾರು ಫೋನ್ ಮಾಡಿದ್ರು. ಹೆಡ್‌ಮಾಸ್ತರ್ತಿ ಆಗಿ ಸಾಲಿ ನಡಿಸಿದವ್ರು ಅವರು, ಈ ಸಲದ ಕೂಟ ಅವರ ಮನ್ಯಾಗ ಇತ್ತು. "ನಿಮಗೇನರ ಮನಸ್ಸಿಗೆ ಹತ್ತತೈತೇನ್ರಿ? ಬೇಕಾದ್ರ ಬ್ಯಾರೆ ಪುಸ್ತಕ ಹಿಡಿಯೂಣು" ಅಂದ್ರು.

ನನಗ ಸಿಟ್ಟು ಬಂತು. ನನಗ ಸಿಟ್ಟು ಬರಾಕ ಭಾಳೊತ್ತು ಬೇಕಾಗಿಲ್ಲ. "ಯಾಕ್ರೀ ದೊಡ್ಡಕ್ಕಾರ, ಗುಂಪಿನ್ಯಾಗ ಸಕ್ಕರಿ ರೋಗದವ್ರು ಇದ್ದಾರಂತ ಯಾರರ ಲಾಡು ಮಾಡೂದು ಬಿಟ್ಟಾರೇನು? ಓದೂಣು ತಗೋರಿ" ಅಂದೆ. ಫೋನ್ ಇಟ್ಟ ಮ್ಯಾಲ ಬಾಗಲಾ ಹಾಕ್ಕೊಂಡು ಅತ್ತೆ. ಸಿಟ್ಟು ಬಂದಷ್ಟ ಲಗೂನ ನನಗ ಅಳೂನೂ ಬರ್ತೈತಿ, ಅದು ಮಂದಿಗೆ ಗೊತ್ತಿಲ್ಲ.

ನಾ ಇರೂದು ಸವಣೂರಾಗ. ಹತ್ತಿಮತ್ತೂರಿನ ಕಡೆ ಒಂದು ಹೈಸ್ಕೂಲಿನ್ಯಾಗ ಕನ್ನಡ ಕಲಿಸ್ತೇನಿ. ಸಾಲ್ಯಾಗ ನನ್ನ ಬಾಯಿ ಅಂದ್ರ ಬಾಯಿ. ನಾ ವರಾಂಡಕ್ಕ ಕಾಲಿಟ್ರ ಅಲ್ಲಿ ಮಲಗಿದ್ದ ನಾಯಿ ಸುದ್ದಾ ಎದ್ದು ಬ್ಯಾರೆ ಕಡೆ ಹೋಗ್ತೈತಿ. ಆದ್ರ ಸಾಲಿ ಬಿಟ್ಟು ಮನಿ ಕೀಲಿ ತಗದು ಒಳಗ ಬಂದ್ನೆಂದ್ರ ಬೆಳಗಾಗೂತನ ನನ್ನ ದನಿ ನನಗ ಕೇಳ್ಸೂದಿಲ್ಲ. ಮುಂಜಾನೆ ಹಾಲಿನಾಕಿ ಬಂದು "ಎಷ್ಟ ಹಾಕ್ಲಿರಿ?" ಅಂದಾಗ ಗಂಟಲು ಕೆಮ್ಮಿ ಸರಿ ಮಾಡ್ಕೊಂಡು "ಅರ್ಧಾ ಲೀಟರ್" ಅನ್ಬೇಕಾಗ್ತೈತಿ. ಒಬ್ಬಾಕಿ ಸಲುವಾಗಿ ರೊಟ್ಟಿ ಬಡ್ಯಾಕ ಮನಸ್ಸಾಗೂದಿಲ್ಲ. ಅನ್ನಕ್ಕ ಕುಕ್ಕರ್ ಇಡ್ತೇನಿ, ಮೊಸರು ಕಲಸ್ತೇನಿ, ಟಿವಿ ಮುಂದ ನಿಂತಗೊಂಡ ಉಣ್ತೇನಿ. ಕುಂತು ಉಂಡ್ರ ಎದುರಿಗೆ ಜಾಗಾ ಖಾಲಿ ಕಾಣ್ತೈತಿ.

ಮಗಳು ಒಬ್ಬಾಕಿ ಅದಾಳ. ಆಕಿ ಹಿರೇಕೆರೂರಾಗ ಅವರಪ್ಪನ ಮನ್ಯಾಗ ಬೆಳ್ಯಾಕತ್ತಾಳ. ನಾವು ಬ್ಯಾರೆ ಆದಾಗ ಆಕಿ ಸಾಲ್ಯಾಗ ಎರಡನೇತ್ತೆ. ಹಿರಿಯಾರು ಕುಂತು ಹೇಳಿದ್ರು: "ನೀ ಒಬ್ಬಾಕಿ, ನೌಕರಿ ಮಾಡಾಕಿ, ಕೂಸಿನ್ನ ಯಾರು ನೋಡ್ತಾರ? ಅಲ್ಲೆ ಅಜ್ಜಿ ಅದಾಳ, ಮನಿ ತುಂಬ ಮಂದಿ ಅದಾರ. ಏಳನೇತ್ತೆ ಮುಗೀಲಿ, ಆಮ್ಯಾಲ ಹುಡುಗಿನ್ನ ಕೇಳೂಣು. ಆಕಿ ಎಲ್ಲಿ ಅಂತಾಳ ಅಲ್ಲೆ ಇರ್ಲಿ." ಅವರಪ್ಪ ಕೆಟ್ಟ ಮನಷ್ಯಾ ಏನಲ್ಲ. ಕುಡಿಯಾಂವ ಅಲ್ಲ, ಬಡಿಯಾಂವ ಅಲ್ಲ. ನಮ್ಮಿಬ್ಬರಿಗೂ ಒಬ್ಬರ ಮಾರಿ ಒಬ್ಬರಿಗೆ ಆಗಿ ಬರಲಿಲ್ಲ, ಅಷ್ಟ. ನಾ ಸಹಿ ಮಾಡಿ ಎದ್ದು ಬಂದೆ. ಅವತ್ತಿನಿಂದ ಏಳನೇತ್ತೆ ಯಾವಾಗ ಮುಗದೀತು ಅಂತ ಕಾಯೂದ ನನ್ನ ಉದ್ಯೋಗ ಆತು.

ಈ ವರ್ಷ ಅದು ಮುಗೀತು. ಜೂನ್‌ಕ್ಕ ಎಂಟನೇತ್ತೆ. ಆಕಿ ನನ್ನ ಹಂತೇಕ ಬರ್ತಾಳೋ, ಅಲ್ಲೇ ಉಳೀತಾಳೋ, ಈ ಸೂಟಿಯೊಳಗ ಹೇಳ್ಬೇಕಿತ್ತು. ಓಣಿ ದಾಟಿದ್ರ ಹೆಣ್ಣುಮಕ್ಕಳ ಹೈಸ್ಕೂಲು. ನಾ ಆಗ್ಲೇ ಹೋಗಿ ಎಲ್ಲಾ ವಿಚಾರಿಸಿ ಬಂದಿದ್ದೆ. ಆಕಿ ಸಲುವಾಗಿ ಹಿಂದಿನ ಖೋಲಿಗೆ ಸುಣ್ಣಾ ಹಚ್ಚಿಸಿದ್ದೆ, ಓದಾಕ ಒಂದು ಟೇಬಲ್ ತರಿಸಿದ್ದೆ. ಬಾಯಿಬಿಟ್ಟು ಮಾತ್ರ ಕೇಳಿರ್ಲಿಲ್ಲ.

ಮೇ ತಿಂಗಳ ನಡುವ ಆಕಿ ಬಂದ್ಲು. ಆಕಿ ಬರ್ತಾಳಂದ್ರ ನಮ್ಮ ಮನ್ಯಾಗ ಹಬ್ಬ. ಎಂಟು ದಿನದ ಮೊದಲ ಹಾಸಿಗಿ ಕೌದಿ ಎಲ್ಲಾ ಒಗದು ಹಾಕ್ತೇನಿ. ಶೇಂಗಾ ಹೋಳಿಗಿ ಮಾಡ್ತೇನಿ, ಮಾದಲಿ ಮಾಡ್ತೇನಿ, ಪ್ಯಾಟಿಯಿಂದ ಆಕಿಗೆ ಸೇರೂ ಖಾರಾ ಕಟ್ಟಿಸ್ಕೊಂಡು ಬರ್ತೇನಿ. ಬಂದ ಕೂಡ್ಲೆ ಕಾಲಿಗೆ ನೀರು, ಕೈಯಾಗ ಪಾನಕ. ಉಂಡ ತಾಟು ಎತ್ತಾಕ ಬಗ್ಗಿದ್ರ "ಬಿಡವ್ವಾ, ನಾ ಇಲ್ಲೇನು?" ಅಂತ ಕಸಗೊಳ್ತೇನಿ. ಕಸಬರಗಿ ಮುಟ್ಟಾಕ ಬಿಡೂದಿಲ್ಲ. ಟಿವಿ ರಿಮೋಟ್ ಆಕಿ ಕೈಯಾಗ. ಹೊಂಟಾಗಂತೂ ಮಣಿ ಹಾಕಿ ಕುಂಡ್ರಿಸಿ, ಕುಂಕುಮಾ ಹಚ್ಚಿ, ಹೊಸಾ ಅರಿವಿ ಕೊಟ್ಟು ಆಯೇರಿ ಮಾಡಿ ಕಳಸ್ತೇನಿ. ನಮ್ಮ ಓಣ್ಯಾಗ ಇರೂ ಉರ್ದು ಸಾಲಿ ಅಕ್ಕಾರು, ನಾ ಅವರಿಗೆ ಆಪಾ ಅಂತೇನಿ, ನಮ್ಮ ಓದೂ ಗುಂಪಿನ್ಯಾಗೂ ಅದಾರ, ಒಮ್ಮೆ ಇದನ್ನ ನೋಡಿ ನಕ್ಕಿದ್ರು. "ಏನ್ರೀ ಇದು, ಲಗ್ನಾ ಆಗಿ ಹ್ವಾದ ಮಗಳಿಗೆ ಆಯೇರಿ ಮಾಡೂದು ಕೇಳಿದ್ದೆ. ಲಂಗಾ ಹಾಕೂ ಹುಡುಗಿಗೂ ಮಾಡ್ತಾರೇನು?" ಅಂದಿದ್ರು. "ನನ್ನ ಮಗಳು, ನನ್ನ ಅರಿವಿ, ನಿಮಗ್ಯಾಕ ಹೊಟ್ಟಿ ಉರಿ?" ಅಂದು ಬಾಯಿ ಮುಚ್ಚಿಸಿದ್ದೆ.

ಮಗಳು ಛಲೋ ಹುಡುಗಿ. ಏನು ಹಾಕಿದ್ರೂ "ಸಾಕವ್ವಾ, ಸಾಕು" ಅಂತಾಳ. ಮುಂಜಾನೆ ಎದ್ದು ಹಾಸಿಗಿ ಎಷ್ಟು ನೀಟಾಗಿ ಮಡಚಿ ಇಡ್ತಾಳಂದ್ರ ಅಲ್ಲೊಬ್ಬಾಕಿ ಮಲಗಿದ್ಲು ಅಂತ ಗೊತ್ತಾಗೂದಿಲ್ಲ. ಫ್ರಿಜ್ ತಗ್ಯಾಕ "ತಗೀಲೇನವ್ವಾ?" ಅಂತ ಕೇಳ್ತಾಳ. ಬಂದವ್ರ ಮುಂದೆಲ್ಲಾ ನಾ ಇದನ್ನ ಹೇಳಿ ಹಿಗ್ತಿದ್ದೆ. ಎಷ್ಟು ಶಿಸ್ತು ನೋಡ್ರಿ ನನ್ನ ಮಗಳಿಗೆ ಅಂತಿದ್ದೆ.

ಪುಸ್ತಕ ಅಷ್ಟರಾಗ ಬಂದಿತ್ತು. ಕಥಿ ಭಾಳ ದೊಡ್ಡದೇನಲ್ಲ. ಪ್ಯಾಟಿ ಹುಡುಗಿ. ವಾರದಾಗ ಐದು ದಿನಾ ಅವ್ವನ ಮನಿ, ಶನಿವಾರ ಐತವಾರ ಅಪ್ಪನ ಮನಿ. ಅಪ್ಪ ಆಕಿಗಂತ ಒಂದು ಕಪಾಟು ತಂದು, ಆಕಿಗೆ ಸೇರೂ ಬಣ್ಣಾ ಹಚ್ಚಿಸಿ ಇಟ್ಟಿರ್ತಾನ. ಆದ್ರ ಆ ಹುಡುಗಿ ಚೀಲಾ ಬಿಚ್ಚೂದಿಲ್ಲ. ಬೇಕಾದ ಅರಿವಿ ಚೀಲದಿಂದ ತಗದು ಹಾಕ್ಕೊಂಡು, ಬಿಚ್ಚಿದ್ದನ್ನ ಮತ್ತ ಚೀಲಕ್ಕ ತುರುಕ್ತಾಳ. ಅಪ್ಪ ಐಸ್‌ಕ್ರೀಮ್ ಕೊಡಸ್ತಾನ, ಸಿನಿಮಾ ತೋರಸ್ತಾನ. ಆಕಿ ಥ್ಯಾಂಕ್ಯೂ ಅಪ್ಪಾ ಅಂತಾಳ. ಕಡೀ ಅಧ್ಯಾಯದಾಗ ಆಕಿ ಕೈಯಿಂದ ಗಾಜಿನ ಜಗ್ಗು ಬಿದ್ದು ಒಡೀತೈತಿ. ಅಪ್ಪಗ ಅವತ್ತ ಏನೋ ತ್ರಾಸಾಗಿರ್ತೈತಿ, ತಡೀಲಾರದ ಬಾಯಿಗೆ ಬಂದಂಗ ಬೈತಾನ. ಹುಡುಗಿ ಅಳ್ತಾಳ, ತಿರುಗಿ ಮಾತಾಡ್ತಾಳ, ಗಾಜು ಉಡುಗಿ ಹೊರಗ ಹಾಕ್ತಾಳ. ಆಮ್ಯಾಲ ಖೋಲಿಗೆ ಹೋಗಿ ಚೀಲಾ ಬಿಚ್ಚಿ ಅರಿವಿ ಎಲ್ಲಾ ಕಪಾಟಿನ್ಯಾಗ ಹೊಂದಿಸಿ ಇಡ್ತಾಳ. ಅಲ್ಲಿಗೆ ಪುಸ್ತಕ ಮುಗೀತು.

ನಾ ಅದನ್ನ ಎರಡು ಸಲ ಓದಿದೆ. ತಿಳೀಲಿಲ್ಲ. ಬೈಸಿಕೊಂಡ ಕೂಸು ಚೀಲಾ ಕಟ್ಟಬೇಕೋ, ಬಿಚ್ಚಬೇಕೋ? ಬರದವ್ರಿಗೆ ಹೆಂಗ ಮುಗಿಸ್ಬೇಕಂತ ಗೊತ್ತಾಗದ ಏನೋ ಒಂದು ಬರದು ಕೈ ತೊಳ್ಕೊಂಡಾರ ಅನಿಸ್ತು. ಸುಡ್ಲಿ ಅಂತ ಟೇಬಲ್ ಮ್ಯಾಲ ಒಗದೆ. ಮಧ್ಯಾಹ್ನ ನೋಡ್ತೇನಿ, ಮಗಳು ಫ್ಯಾನಿನ ಕೆಳಗ ಬರೇ ನೆಲದ ಮ್ಯಾಲ ಬೋರಲಾಗಿ ಮಲ್ಕೊಂಡು ಅದನ್ನ ಓದಾಕತ್ತಾಳ. ಕಸಗೊಳ್ಳಾಕ ಬರೂದಿಲ್ಲ, ಬಿಡಾಕೂ ಮನಸ್ಸಿಲ್ಲ. ಅಡಗಿಮನ್ಯಾಗ ನಿಂತು ಆಕಿ ಹಾಳಿ ತಿರುವೂ ಸಪ್ಪಳಾ ಕೇಳ್ಕೋತ ಬದನಿಕಾಯಿ ಹೆಚ್ಚಿದೆ. ಮುಗಿಸಿದ ಮ್ಯಾಲ "ಹೆಂಗೈತೆವ್ವಾ?" ಅಂತ ಕೇಳಿದೆ. "ಛಲೋ ಐತಿ" ಅಂದ್ಲು. ಅಷ್ಟ. ಪುಸ್ತಕ ಎಲ್ಲಿ ಇತ್ತೋ ಅಲ್ಲೇ, ಹೆಂಗಿತ್ತೋ ಹಂಗ ಇಟ್ಲು.

ಕೂಟದ ದಿನಾ ಆಕಿನ್ನ ಒಬ್ಬಾಕಿನ್ನ ಬಿಟ್ಟು ಹೋಗಾಕ ಮನಸ್ಸಾಗಲಿಲ್ಲ. ಆಪಾ, ನಾನು, ಮಗಳು ಮೂರೂ ಮಂದಿ ಬಂಕಾಪುರದಾಗ ಬಸ್ಸು ಬದಲ ಮಾಡಿ ಹಾನಗಲ್ಲಿಗೆ ಹ್ವಾದ್ವಿ. ದೊಡ್ಡಕ್ಕಾರ ಮನಿ ಪಡಸಾಲ್ಯಾಗ ಜಮಖಾನಾ ಹಾಸಿತ್ತು. ಬುಟ್ಟಿ ತುಂಬ ಮಾವಿನಹಣ್ಣು, ಮನಿ ತುಂಬ ಅದರದ ವಾಸನಿ. ನಾ ಒಳಗ ಕಾಲಿಟ್ಟ ಕೂಡ್ಲೆ ಮಾತಾಡೋರೆಲ್ಲಾ ಸುಮ್ಮನಾದ್ರು. ಆಮ್ಯಾಲ ಎಲ್ಲಾರೂ ಒಮ್ಮೆಲೆ ಭಾಳ ಪ್ರೀತಿಲೆ ಮಾತಾಡಿಸಿದ್ರು. ಅಂಥಾ ಪ್ರೀತಿ ಕಂಡ್ರ ನನಗ ಮೈ ಉರೀತೈತಿ. ಮಗಳನ್ನ ದೊಡ್ಡಕ್ಕಾರು ತಮ್ಮ ಬಾಜೂಕ ಕುಂಡ್ರಿಸಿಕೊಂಡು ಕೈಯಾಗ ಒಂದು ಹಣ್ಣು ಕೊಟ್ರು.

ಕಾಲೇಜಿನ ಸರ್ ಸುರು ಮಾಡಿದ್ರು. "ಆಧುನಿಕ ಕುಟುಂಬದ ಬಿರುಕು, ಮಗುವಿನ ಅಂತರಂಗ" ಅಂತ ಏನೇನೋ ಅಂದ್ರು. ಹೇಳೂದು ಮುಗಿಯೂದ್ರಾಗ ನನಗ ಆಕಳಿಕಿ ಬಂತು. ದೊಡ್ಡಕ್ಕಾರು, "ಏನರ ಅನ್ರಿ, ಗಂಡ ಹೆಂಡಿರ ಜಗಳದಾಗ ಕೂಸು ಬಡವಾತು ಅಂತ ಹಿರಿಯಾರು ಸುಮ್ನ ಹೇಳಿಲ್ಲ" ಅಂದವ್ರ ನಾಲಿಗಿ ಕಚ್ಚಿಕೊಂಡ್ರು. ಎಲ್ಲಾರ ಕಣ್ಣು ನನ್ನ ಮ್ಯಾಲ. ಆ ಗಾದಿ ಕೇಳಿ ಕೇಳಿ ನನ್ನ ಕಿವಿ ಗಡಸಾಗ್ಯಾವ. "ಮುಂದ ಹೇಳ್ರಿ, ನಾ ಏನೂ ಕರಗಿ ಹೋಗೂದಿಲ್ಲ" ಅಂದೆ. ಮಗಳು ಹಣ್ಣು ಮೆತ್ತಗ ಮಾಡ್ಕೋತ ತಲಿ ಬಗ್ಗಿಸಿ ಕುಂತಿದ್ಲು.

ಮಾತು ಕಡೀ ಅಧ್ಯಾಯಕ್ಕ ಬಂತು. ಅಲ್ಲಿ ಎಲ್ಲಾರೂ ಸಿಕ್ಕೊಂಡ್ರು. ಸರ್ ಹೇಳಿದ್ರು, "ಇಲ್ಲಿ ತರ್ಕ ಇಲ್ಲ. ಬೈಸಿಕೊಂಡ ಮಗು ಆ ಮನೆಗೆ ಒಗ್ಗಿಕೊಂಡಿತು ಅಂದರೆ ಯಾರು ನಂಬುತ್ತಾರೆ?" ದೊಡ್ಡಕ್ಕಾರು, "ಹೆದರಿ ಇಟ್ಟಿರ್ತಾಳ್ರಿ. ಇನ್ನೂ ಬೈದಾನಂತ ಅರಿವಿ ಹೊಂದಿಸ್ಯಾಳ" ಅಂದ್ರು. ಆಪಾ, "ಅಪ್ಪನ ಮ್ಯಾಲ ಪಾಪ ಅನಿಸಿರ್ಬೇಕು" ಅಂದ್ರು. ಆಮ್ಯಾಲ ಎಲ್ಲಾರೂ ನನ್ನ ಕಡೆ ನೋಡಿದ್ರು. ಈ ವಿಷಯದಾಗ ನಾನ ದೊಡ್ಡ ಪಂಡಿತಿ ಅನ್ನೂವರಂಗ. ನಾನೂ ಬಿಡಲಿಲ್ಲ. ಜಗ್ಗು ಒಡದದ್ದು ತನ್ನ ತಪ್ಪು ಅಂತ ಹುಡುಗಿಗೆ ಅನಿಸೇತಿ, ತಪ್ಪು ಮಾಡಿದ ಮಕ್ಕಳು ಕೆಲಸಾ ಮಾಡಿ ತೋರಸ್ತಾರ, ನಮ್ಮ ಸಾಲ್ಯಾಗ ದಿನಾ ನೋಡ್ತೇನಿ ಅಂತ ಉದ್ದಕ್ಕ ಹೇಳಿದೆ. ಸರ್ ತಲಿ ಅಲ್ಲಾಡಿಸಿದ್ರು.

ಆವಾಗ ಮಗಳು ಹಣ್ಣಿನ ಓಟೆ ಚೀಪೂದು ಬಿಟ್ಟು, ಮೊಣಕೈತನಕ ಇಳದ ರಸಾ ನೆಕ್ಕಿ, "ಹಂಗಲ್ರೀ" ಅಂದ್ಲು.

"ಮತ್ತ ಹೆಂಗವ್ವಾ?" ಅಂದ್ರು ದೊಡ್ಡಕ್ಕಾರು.

"ಅವತ್ತ ಆಕಿಗೆ ಅದು ತನ್ನ ಮನಿ ಅನಿಸ್ತ್ರಿ. ಮನಿಗೆ ಬಂದ ಬೀಗರ ಹುಡುಗ್ರಿಗೆ ಯಾರರ ಬೈತಾರೇನ್ರಿ? ಅವರು ಏನು ಒಡದ್ರೂ ಇರ್ಲಿ ಬಿಡು ಅಂತಾರ. ಬೈದ ಮ್ಯಾಲನ ಆಕಿಗೆ ಗೊತ್ತಾತು, ಅಪ್ಪ ನನ್ನ ಬೀಗರಂಗ ನೋಡೂದಿಲ್ಲ ಅಂತ. ಅದಕ್ಕ ಚೀಲಾ ಬಿಚ್ಚಿದ್ಲು."

ಸರ್ ಒಬ್ರ ಚಪ್ಪಾಳಿ ಹೊಡದ್ರು. "ಭಲೇ! ನಾವೆಲ್ಲಾ ಎಮ್ಮೆ ಕಾಯಾಕ ಹೋಗ್ಬೇಕು" ಅಂದ್ರು, ಪಾಪ, ಪುಸ್ತಕದ ಕನ್ನಡಾ ಮರತು. ಎಲ್ಲಾರೂ ನಕ್ರು. ದೊಡ್ಡಕ್ಕಾರು ಆಕಿ ಗದ್ದಾ ಹಿಡಿದು ಚ್ಯಾಷ್ಟಿ ಮಾಡಿದ್ರು. "ಹಂಗಾರ ಹೇಳು ನೋಡೂಣು, ನಿಮ್ಮವ್ವ ನಿನಗ ಎಷ್ಟ ಬೈತಾಳ? ಸಾಲ್ಯಾಗ ಆಕಿ ಬೈದ್ರ ಹಂಚು ಹಾರ್ತಾವಂತ!"

"ಇಲ್ರೀ" ಅಂದ್ಲು ಮಗಳು ಲಗೂನ. ನನ್ನ ಮರ್ಯಾದಿ ಉಳಸೂ ಹಂಗ ಬೆನ್ನು ನೆಟ್ಟಗ ಮಾಡಿ ಹೇಳಿದ್ಲು. "ಅವ್ವ ಭಾಳ ಛಲೋ ಅದಾಳ್ರಿ. ನನಗ ಎಂದೂ ಒಂದು ಮಾತು ಬೈದಿಲ್ಲ."

"ಪುಣ್ಯಾ ಮಾಡೀ ಬಿಡವಾ" ಅಂದ್ರು ಎಲ್ಲಾರೂ. ಆಕಿ ಹೊಗಳಿಕಿ ಅಂತ ಹೇಳಿದ ಮಾತು ಅದು. ಈಗಷ್ಟ ತಾನ ಏನು ಹೇಳಿದ್ದೆ ಅನ್ನೂದು ಆಕಿ ಲಕ್ಷ್ಯದಾಗ ಇರ್ಲಿಲ್ಲ. ನನ್ನ ಲಕ್ಷ್ಯದಾಗ ಇತ್ತು. ದೊಡ್ಡಕ್ಕಾರು ಸೀಕರಣಿ ತಂದು ಕೊಟ್ರು, ಬಟ್ಟಲ ಖಾಲಿ ಮಾಡಿದೆ, ಏನು ಉಂಡೆ ಅಂತ ಗೊತ್ತಾಗಲಿಲ್ಲ.

ತಿರುಗಿ ಬರೂಮುಂದ ಬಸ್ಸಿನ್ಯಾಗ ಮಗಳು ಕಿಟಕಿಗೆ ತಲಿ ಹಚ್ಚಿ ನಿದ್ದಿ ಮಾಡಿದ್ಲು. ಆಪಾ ಸಣ್ಣ ದನಿಲೆ, "ಹುಡುಗಿ ಅಂದದ್ದು ಕೇಳಿದ್ರ್ಯಾ?" ಅಂದ್ರು.

"ನನ್ನ ಕಿವಿ ನೆಟ್ಟಗದಾವ" ಅಂದೆ. ಆಪಾ ಬಂಕಾಪುರ ಬರೂತನಾ ನನ್ನ ಕೈ ಮ್ಯಾಲ ಕೈ ಇಟ್ಟು ಕುಂತಿದ್ರು.

ಮರುದಿನ ಮುಂಜಾನೆ ಎದ್ದವಳ ಗಟ್ಟಿ ಮನಸ್ಸು ಮಾಡಿದೆ. ಇವತ್ತ ಬೈಯೂದ! ಹೋಳಿಗಿ ಡಬ್ಬಿ ಮ್ಯಾಲ ಇಟ್ಟೆ. ನಿನ್ನೀ ರೊಟ್ಟಿ, ಶೇಂಗಾ ಚಟ್ನಿ ತಾಟಿಗೆ ಹಾಕಿದೆ. ಆದ್ರ ಬೈಬೇಕಂದ್ರ ಆಕಿ ಏನರ ತಪ್ಪು ಮಾಡ್ಬೇಕಲ್ಲ? ಮನಿ ತುಂಬ ಹುಡುಕಿದೆ. ಹಾಸಿಗಿ ಮಡಚಿತ್ತು, ಟವೆಲ್ ಹಗ್ಗದ ಮ್ಯಾಲಿತ್ತು, ಚಪ್ಪಲಿ ಜೋಡಿಸಿ ಇಟ್ಟಿದ್ವು. ಬರೋಬ್ಬರಿ ಬೀಗರ ಮನಿಗೆ ಬಂದಂಗ ಇದ್ಲು. ಕಡೀಕ ಬಚ್ಚಲದಾಗ ನಳಾ ಹನಿ ಹನಿ ಸೋರೂದು ಕಾಣಿಸ್ತು. ಅದು ಸೋರಾಕತ್ತಿ ವರ್ಷಾತು, ವಾಷರ್ ಹೋಗೇತಿ. ಇರ್ಲಿ ಅಂತ ಅದನ್ನ ಹಿಡ್ಕೊಂಡೆ.

"ಏ, ನಳಾ ಯಾರು ಬಿಟ್ಟದ್ದು? ಕಣ್ಣು ಎಲ್ಲಿಟ್ಟೀ? ನೀರೇನು ಪುಕ್ಕಟ ಬರ್ತಾವೇನು ಈ ಊರಾಗ?" ಅಂತ ಒದರಿದೆ. ಸಾಲ್ಯಾಗ ಒದರಿದ್ರ ಹಂಚು ಹಾರೂ ದನಿ, ಮನ್ಯಾಗ ನಡುವ ಒಡದು ಹೋತು.

ಮಗಳು ಓಡಿ ಬಂದ್ಲು. "ಸಾರಿ ಅವ್ವಾ" ಅಂತ ನಳಾ ತಿರುವಿದ್ಲು. ಎಷ್ಟು ತಿರುವಿದ್ರೂ ಹನಿ ನಿಲ್ಲಲಿಲ್ಲ. ನನ್ನ ಮಾರಿ ನೋಡಿದ್ಲು. ಗಪ್ಪನ ನಗು ಬಂತು ಆಕಿಗೆ. "ಅವ್ವಾ, ನೀ ಆ ಪುಸ್ತಕದಾಗಿನ ಅಪ್ಪನಂಗ ಮಾಡಾಕತ್ತೀ ಅಲ್ಲ?"

"ಯಾರು, ನಾನ? ಛೇ!" ಅಂದೆ. ಇಬ್ರೂ ನಕ್ವಿ. ನಕ್ಕೋತ ಆಕಿ, "ನಿನಗ ಬೈಯಾಕ ಬರೂದಿಲ್ಲ ಬಿಡವ್ವಾ" ಅಂದ್ಲು. ನಾ ಹೋಳಿಗಿ ಡಬ್ಬಿ ಕೆಳಗ ಇಳಿಸಿದೆ.

ಬೈಯೂದು ಅಂದ್ರ ಸುಮ್ನ ಅಲ್ಲ, ಅದಕ್ಕೂ ದಿನಾ ಬೇಕು. ಹಗಲೆಲ್ಲಾ ಜೋಡಿ ಇರೋರು ಮುಂಜಾನೆ ಬೈತಾರ, ಮಧ್ಯಾಹ್ನ ಮಾರಿ ಉಬ್ಬಿಸ್ಕೊಂಡು ಇರ್ತಾರ, ಸಂಜಿಗೆ ತಲಿ ಬಾಚಿ ಹೆಳ್ಳು ಹಾಕೂಮುಂದ ಎಲ್ಲಾ ಮರೀತಾರ. ನನಗ ಸಿಗೂದು ವರ್ಷಕ್ಕ ನಾಕ ದಿನಾ. ಮುಂಜಾನೆ ಬೈದು ಸಂಜೀ ಒಳಗ ಕೂಡಲಿಲ್ಲಂದ್ರ? ಮುನಿಸಿಕೊಂಡ ಬಸ್ಸು ಹತ್ತಿದ್ಲಂದ್ರ? ಹಂಗಂತ ಹೆದರೇ ನಾ ಬ್ಯಾಡಾದ ಮಾತೆಲ್ಲಾ ನುಂಗಿದಾಕಿ. ಆಕಿ ನನ್ನ ಹಂತೇಕ ಇದ್ರ ಬೈತಿದ್ದೆ. ಆದ್ರ ಬೈಯದ ಹೊರ್ತು ಆಕಿಗೆ ಇಲ್ಲೆ ಇರ್ಬೇಕಂತ ಅನಿಸೂದಿಲ್ಲ. ಇದನ್ನ ಯಾರ ಮುಂದ ಹೇಳ್ಲಿ?

ಉಳದ ದಿನಾ ಛಲೋನ ಹ್ವಾದ್ವು. ಜೂನ್ ಮಾತು ನಾನೂ ತಗೀಲಿಲ್ಲ, ಆಕಿನೂ ತಗೀಲಿಲ್ಲ. ಹೊಂಡೂ ದಿನಾ ಮಣಿ ಹಾಕಿದೆ. ಆಯೇರಿ ಮಾಡೂದ ಬ್ಯಾಡ ಅಂತ ಮನಸ್ಸು ಹೇಳಿತ್ತು, ಆದ್ರ ಅರಿವಿ ತಂದು ಇಟ್ಟಿದ್ದೆ, ಕೊಡದ ಕಳಸಾಕ ಕೈ ಒಪ್ಪಲಿಲ್ಲ. ಆಕಿ ತಲಿ ಬಗ್ಗಿಸಿ ಕುಂಕುಮಾ ಹಚ್ಚಿಸ್ಕೊಂಡು ಕಾಲಿಗೆ ಬಿದ್ಲು.

ಆಕಿನ್ನ ಕೊಡೂದು ತಗೊಳ್ಳೂದು ಯಾವಾಗ್ಲೂ ಹಾವೇರಿ ಬಸ್‌ಸ್ಟ್ಯಾಂಡಿನ್ಯಾಗ. ಅವರಪ್ಪ ಹಿರೇಕೆರೂರ ಬಸ್ಸು ನಿಲ್ಲೂ ಕಡೆ ನಿಂತಿರ್ತಾನ. ನಾ ಸವಣೂರ ಬಸ್ಸು ಇಳದು ಈ ಕಡೆ ನಿಲ್ತೇನಿ. ಇಬ್ಬರೂ ಮಾತಾಡೂದಿಲ್ಲ, ದೂರಿಂದ ತಲಿ ಅಲ್ಲಾಡಿಸ್ತೇವಿ. ನಡುವಿನ ಜಾಗಾ ಆಕಿ ಒಬ್ಬಾಕೀನ ಚೀಲಾ ಹೊತ್ಕೊಂಡು ನಡ್ಕೊಂಡು ಹೋಗ್ತಾಳ. ಆವತ್ತೂ ಹೊಂಟ್ಲು. ನಾಕ ಹೆಜ್ಜಿ ಹೋಗಿ ತಿರುಗಿ ಬಂದ್ಲು.

"ಅವ್ವಾ, ಅಪ್ಪ ಕೇಳಾಕತ್ತಾನ, ಎಂಟನೇತ್ತೆಗೆ ಅಲ್ಲೇ ಹೆಸರು ಹಚ್ಚಲೇನು ಅಂತ. ನಾ ಏನಂತ ಹೇಳ್ಲಿ?"

"ಏನಂತ ಹೇಳ್ತೀ? ನಮ್ಮವ್ವನ ಕಡೆ ಹೋಗ್ತೇನಿ ಅಂತ ಹೇಳು! ಬಾಯಿ ಇಲ್ಲೇನು ನಿನಗ?" ಅನ್ನೂ ಮಾತು ನಾಲಿಗಿ ತುದಿಗೆ ಬಂದು ನಿಂತಿತ್ತು. ಆದ್ರ ಒತ್ತಾಯ ಮಾಡಿ ಕರ್ಕೊಂಡು ಬಂದ್ರ ನಾಳೆ ನನ್ನ ಮ್ಯಾಲ ಹಗಿ ಸಾಧಿಸ್ತಾಳೇನೋ ಅಂತ ಹೆದರಿಕಿ. ಮಕ್ಕಳ ಇಚ್ಛಾಕ್ಕ ಬೆಲೆ ಕೊಡ್ರಿ ಅಂತ ನಾನ ಪಾಲಕರ ಸಭಾದಾಗ ಭಾಷಣಾ ಬಿಗದಾಕಿ. ಆ ಮಾತು ನುಂಗಿದೆ. ನಕ್ಕೆ ಸುದ್ದಾ.

"ನಿನಗ ಹೆಂಗ ಅನಸ್ತೈತೋ ಹಂಗ ಮಾಡವ್ವಾ. ನಂದೇನೂ ಒತ್ತಾಯಿಲ್ಲ."

"ಒತ್ತಾಯಿಲ್ಲೇನು?"

"ಇಲ್ಲವ್ವಾ."

ಆಕಿ ಹೋಗಲಿಲ್ಲ. ಚೀಲಾ ಈ ಹೆಗಲಿಂದ ಆ ಹೆಗಲಿಗೆ ಹಾಕ್ಕೊಂಡ್ಲು. ನನ್ನ ಮಾರಿ ನೋಡಿದ್ಲು, ನೆಲಾ ನೋಡಿದ್ಲು, ಮತ್ತ ನನ್ನ ಮಾರಿ ನೋಡಿದ್ಲು. ಆ ಕಡೆ ಕಂಡಕ್ಟರ್ ಹಿರೇಕೆರೂರ ಹಿರೇಕೆರೂರ ಅಂತ ಒದರಾಕತ್ತಿದ್ದ. "ಬರ್ತೇನವ್ವಾ" ಅಂದ್ಲು. "ಹುಷಾರಾಗಿ ಹೋಗವ್ವಾ" ಅಂದೆ. ಹ್ವಾದ್ಲು. ಬಸ್ಸು ತಿರುಗೂಮುಂದ ಕಿಟಕ್ಯಾಗ ಆಕಿ ಕಾಣ್ತಾಳೇನಂತ ನೋಡಿದೆ. ಆಕಿ ಆ ಕಡೆ ಸೀಟಿನ್ಯಾಗ ಕುಂತಿದ್ಲು.

ತಾಸೊತ್ತು ಕಾದು ಸವಣೂರ ಬಸ್ಸಿನ್ಯಾಗ ಕುಂತಾಗ ನನಗ ತಿಳೀತು. ನಮ್ಮ ಮನಿಗೆ ಬಂದ ಯಾರನ್ನೂ ನಾ ಒಂದ ಮಾತಿಗೆ ಕಳಿಸಿದಾಕಿ ಅಲ್ಲ. ಹೋದ್ರ ಸಾಕು ಅನ್ನಿಸಿದ ಬೀಗರಿಗೂ "ಇರ್ರಿ, ನಾಳೆ ಹೋಗೀರಂತ" ಅಂತ ಚಪ್ಪಲಿ ಮುಚ್ಚಿ ಇಟ್ಟಾಕಿ. ಹೊಟ್ಟ್ಯಾಗ ಹುಟ್ಟಿದ ಮಗಳು ತಿರುಗಿ ಬಂದು ನಿಂತು ಕೇಳಿದ್ರ ಒತ್ತಾಯಿಲ್ಲ ಅಂದೆ. ಆಕಿ ಬೈಸಿಕೊಳ್ಳಾಕ ನಿಂತಿದ್ಲು. ಒಂದ ಸಲ ಜೋರು ಮಾಡಿ ಹೇಳ್ಲಿ ಅಂತ ನಿಂತಿದ್ಲು. ನಾ ಹುಷಾರಾಗಿ ಹೋಗು ಅಂದೆ. ಬಸ್ಸಿನ್ಯಾಗ ಮಂದಿ ಇದ್ರು, ಸೆರಗು ಬಾಯಿಗೆ ಒತ್ತಿಕೊಂಡೆ. ಬಾಜೂಕ ಕುಂತಾಕಿ "ಯಾಕ್ರೀ ಯಕ್ಕಾ, ಆರಾಮಿಲ್ಲೇನು?" ಅಂದ್ಲು. ಧೂಳಾ ಬಿತ್ತು ಅಂದೆ.

ಮನಿಗೆ ಬಂದವಳ ಚಪ್ಪಲಿ ಸುದ್ದಾ ಬಿಡದ ಫೋನ್ ಹಚ್ಚಿದೆ. ಆಕೀನ ತಗೊಂಡ್ಲು. "ಹಲೋ ಅವ್ವಾ, ಮುಟ್ಟೇನಿ" ಅಂದ್ಲು.

"ಮುಟ್ಟಿದ್ರ ಮುಟ್ಟು! ಅಲ್ಲೆ ಇಲ್ಲೆ ಏನೂ ಇಲ್ಲ. ಜೂನ್‌ಕ್ಕ ನೀ ಇಲ್ಲೆ ಬರ್ಬೇಕು, ನಾ ಹೇಳೇನಿ. ನಿನ್ನ ಯಾರು ಕೇಳ್ತಾರ? ನಾ ಹಡದಾಕಿ ಹೇಳಾಕತ್ತೇನಿ!" ಒದರಿದೆ. ಈ ಸಲ ದನಿ ಒಡೀಲಿಲ್ಲ. ಬಾಜೂ ಮನ್ಯಾಗ ಟಿವಿ ಸಪ್ಪಳಾ ಸಣ್ಣದಾತು.

ಆ ಕಡೆಯಿಂದ ಅವರಜ್ಜಿ ಬೈಯೂದು ಕೇಳಿಸ್ತು: "ಏ ಹುಡುಗಿ, ಬಂದ ಕೂಡ್ಲೆ ಆ ಫೋನ್ ಹಿಡ್ಕೊಂಡು ಕುಂತೀ? ಮಾರಿ ತೊಳ್ಕೊಂಡು ಉಣ್ಣಾಕ ಬಾ, ಎಷ್ಟ ಸಲ ಒದರ್ಲಿ ನಿನಗ!"

"ಬಂದೆ ತಡೀ ಅಜ್ಜೀ, ಜೀವಾ ತಿನ್ನಬ್ಯಾಡ!" ಅಂತ ಮಗಳು ತಿರುಗಿ ಒದರಿದ್ಲು. ಗಂಟಲು ಹರಿಯೂ ಹಂಗ ಒದರಿದ್ಲು. ಆ ದನಿ ನಾ ಎಂದೂ ಕೇಳಿರ್ಲಿಲ್ಲ.

ಆಮ್ಯಾಲ ನನಗ, ಮೆತ್ತಗ, "ಅವ್ವಾ, ನಾ ಬಸ್ಸಿನ್ಯಾಗನ ಅಪ್ಪಗ ಹೂಂ ಅಂದುಬಿಟ್ಟೆ" ಅಂದ್ಲು. "ಅಪ್ಪ ದಾರ್ಯಾಗಿಂದನ ಸಾಲಿ ಸರ್‌ಗೆ ಫೋನ್ ಮಾಡಿ ಹೇಳ್ಯಾನ."

"ಹೌದೇನು" ಅಂದೆ.

"ದಸರಾ ಸೂಟಿಗೆ ಬರ್ತೇನಲ್ಲ. ನೀ ಬ್ಯಾಸರಾ ಮಾಡ್ಕೋಬ್ಯಾಡವ್ವಾ. ನೀ ಉಂಡ್ಯಾ?"

"ಉಂಡೇನಿ."

"ಹಂಗಾರ ಫೋನ್ ಇಡ್ಲೇನವ್ವಾ?" ಅಂತ ಕೇಳಿದ್ಲು, ಫ್ರಿಜ್ ತಗೀಲೇನು ಅಂತ ಕೇಳೂ ದನಿಲೆ.

"ಇಡವ್ವಾ" ಅಂದೆ.